ಪಟ್ಟಿಯಲ್ಲಿ ಮೊದಲನೆಯದು

ಹಲಸೂರು
೧೨–೮–೧೯೪೩

ರಾಮಿ,

ನಿನ್ನ ಕಾರ್ಡು ಬಂತು. ಕಾರ್ಡಿನಲ್ಲಿ ಮೂರು ಸಾಲು, ಮೂರರಲ್ಲೂ ಮಳೆ. ಕೃಷ್ಣರಾಜಪುರದ ಕೆರೆ ಎಷ್ಟು ತುಂಬಿದೆ ಎಂದು ತಿಳಿದುಕೊಂಡು ನಾನೇನು ಮಾಡಲಿ? ನೀನು ಹೇಗಿದ್ದೀಯ, ರತ್ನಿ ಹೇಗಿದ್ದಾಳೆ, ಅವಳನ್ನು ಓದಲು ಕಳಿಸುವುದಕ್ಕೆ ನಿನ್ನ ಅತ್ತೆ ಒಪ್ಪಿದರೋ ಇಲ್ಲವೋ, ಅದನ್ನು ಬರೆಯಬಾರದೇ? ಒಂದೇ ಬೆಂಚಿನಲ್ಲಿ ಆರು ವರ್ಷ ಕೂತು ಓದಿದವಳಿಗೆ ನೀನು ಹವಾಮಾನದ ಇಲಾಖೆಯವರ ಹಾಗೆ ಬರೆಯುತ್ತೀಯ.

ಇಲ್ಲಿ ಎಲ್ಲಾ ಎಂದಿನಂತೆ. ಇವರು ಬಸ್ರಾದಿಂದ ತಿಂಗಳಿಗೊಂದು ಕಾಗದ ಹಾಕುತ್ತಾರೆ, ಅದರಲ್ಲಿ ಅರ್ಧಕ್ಕೆ ಮಿಲಿಟರಿಯವರು ಮಸಿ ಬಳಿದಿರುತ್ತಾರೆ. ಉಳಿದರ್ಧದಲ್ಲಿ ನನಗೆ ಉಪದೇಶ. ಸ್ಕೂಲಿನಲ್ಲಿ ಮಕ್ಕಳಿಗೆ ಬರೆಯಲು ಕಾಗದವಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ದಸ್ತು ಬಿಳಿ ಹಾಳೆ ಕೇಳಿದರೆ ಅಂಗಡಿಯವನು ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾನೆ.

ಈ ವರ್ಷದ ಪಟ್ಟಿ ಶುರು ಮಾಡಿದ್ದೇನೆ. ಪ್ರತಿವರ್ಷ ನವರಾತ್ರಿಗೆ ಮುಂಚೆ ‘ಶರದೃತುವಿನ ಓದು’ ಎಂದು ಬರೆದು ನಮ್ಮ ಓದುವ ಹೆಂಗಸರ ಮನೆಮನೆಗೂ ಕೊಡುತ್ತೇನಲ್ಲ, ಅದು. ಹೆಂಗಸರು ಬರೆದದ್ದು, ಹೆಂಗಸರು ಓದುವುದಕ್ಕೆ. ಮಳೆ ನಿಂತು ಕೊಯ್ಲು ಬರುವ ತನಕ ಮಧ್ಯಾಹ್ನ ಒಂದು ಗಂಟೆ ಕೂರಲಿಕ್ಕೆ ಸಿಗುವುದು ಈ ದಿನಗಳಲ್ಲೇ. ಆದರೆ ಅಚ್ಚಾದ ಪುಸ್ತಕಗಳಲ್ಲಿ ಹೆಂಗಸರು ಬರೆದದ್ದು ಎಷ್ಟಿದೆ? ನಮ್ಮ ಹತ್ತಿರ ಇರುವ ನಾಲ್ಕನ್ನು ಹೋದ ವರ್ಷವೇ ಓದಿ ಓದಿ ಹೊಲಿಗೆ ಬಿಡಿಸಿಟ್ಟಿದ್ದಾರೆ. ಅದಕ್ಕೇ ಈ ಸಲ ಕೈಬರಹದ ನೋಟ್‌ಬುಕ್ಕುಗಳನ್ನೂ ಪಟ್ಟಿಗೆ ಸೇರಿಸುವುದೆಂದು ತೀರ್ಮಾನ. ತೀರ್ಮಾನ ನನ್ನದೇ, ಯಾರನ್ನೂ ಕೇಳಿಲ್ಲ.

ಯುಗಾದಿಗೆ ತವರಿಗೆ ಬಂದಾಗ ನೀನು ಏನೋ ಬರೆಯುತ್ತಿದ್ದೇನೆ ಎಂದು ಬಾಯಿ ತಪ್ಪಿ ಹೇಳಿದೆ. ನಾನು ಮರೆತಿಲ್ಲ. ಅದನ್ನು ಕಳಿಸು. ‘ಅದೆಲ್ಲಾ ಏನೂ ಇಲ್ಲ’ ಎಂದು ಇನ್ನೊಂದು ಕಾರ್ಡು ಹಾಕಬೇಡ.

ಮುಖ್ಯವಾದದ್ದು ರತ್ನಿಯ ವಿಷಯ. ನಿಮ್ಮೂರಿನ ಸ್ಕೂಲು ನಾಲ್ಕನೇ ಕ್ಲಾಸಿಗೇ ಮುಗಿಯಿತು. ದೀಪಾವಳಿ ಕಳೆದ ಮೇಲೆ ನಮ್ಮ ಸ್ಕೂಲಿನಲ್ಲಿ ಐದನೇ ಕ್ಲಾಸಿಗೆ ಸೇರಿಸಿಕೊಳ್ಳಲು ಹೆಡ್‌ಮಿಸ್ಟ್ರೆಸ್ಸನ್ನು ಒಪ್ಪಿಸಿ ಒಂದು ಜಾಗ ಹಿಡಿದಿಟ್ಟಿದ್ದೇನೆ. ನಮ್ಮ ಮನೆಯಲ್ಲೇ ಇರುತ್ತಾಳೆ, ಅಮ್ಮನಿಗೂ ಜೊತೆ. ನೀನು ಎಂಟನೇ ಕ್ಲಾಸಿಗೆ ಬಿಟ್ಟೆ. ನಿನ್ನ ಮಗಳು ಬಿಡಬಾರದು.

ನಿನ್ನ,
ಶಾಂತಕುಮಾರಿ

◆

ಕೃಷ್ಣರಾಜಪುರ
೨೯–೮–೧೯೪೩

ಶಾಂತ,

ಕಾರ್ಡು ಹಾಕಿದರೆ ಪೋಸ್ಟಿನವನಿಂದ ಹಿಡಿದು ದನ ಕಟ್ಟುವವನ ತನಕ ಎಲ್ಲರೂ ಓದುತ್ತಾರೆ. ಅದಕ್ಕೇ ಮಳೆ. ಇದನ್ನು ಶಂಶುನ್ನೀಸಾ ಕೈಯಲ್ಲಿ ಕೊಡುತ್ತಿದ್ದೇನೆ. ಬೆಂಗಳೂರು ದಂಡಿನ ಬ್ಲಾಕ್‌ಪಳ್ಳಿಯ ಬಳೆಯವಳು, ತಿಂಗಳಿಗೆ ಎರಡು ಸಲ ರೈಲಿನಲ್ಲಿ ನಮ್ಮೂರಿಗೆ ಬರುತ್ತಾಳೆ. ನೋಟ್‌ಬುಕ್ಕನ್ನು ಬಳೆಯ ಬಟ್ಟೆಯೊಳಗೆ ಸುತ್ತಿಕೊಂಡಿದ್ದಾಳೆ. “ಬಳೆ ಒಡೆದ್ರೂ ಒಡೀಲಿ, ಇದುಕ್ಕೆ ಏನೂ ಆಗಕ್ ಬಿಡಲ್ಲಮ್ಮ” ಎಂದಳು.

ಎರಡು ವರ್ಷದ ಹಿಂದೆ ನನ್ನ ಎರಡನೇ ಹೆರಿಗೆ ಹೇಗಾಯಿತು ಎಂದು ನಿನಗೆ ಗೊತ್ತಿರುವುದು ಅರ್ಧ. ಬೆಳಗ್ಗೆಯಿಂದ ನೋವು. ಮಗು ಅಡ್ಡ ತಿರುಗಿದೆ, ದಂಡಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಸೂಲಗಿತ್ತಿ ಹೇಳಿದಳು. ಜಟಕಾ ಬಂದು ಬಾಗಿಲಲ್ಲಿ ನಿಂತಿತು. ಅತ್ತೆ ರಾಹುಕಾಲ ಕಳೆಯಲಿ ಎಂದರು. ಕಳೆಯಿತು. ಆಸ್ಪತ್ರೆಯಲ್ಲಿ ಗಂಡು ಡಾಕ್ಟರು ಮುಟ್ಟುತ್ತಾನಂತೆ, ಇನ್ನೊಂದು ಗಳಿಗೆ ನೋಡೋಣ ಎಂದರು. ಇವರು ತಾಯಿಯ ಮಾತಿಗೆ ಎದುರಾಡಲಿಲ್ಲ. ಜಟಕಾ ಹೊತ್ತು ಮುಳುಗುವವರೆಗೂ ನಿಂತೇ ಇತ್ತು. ಕುದುರೆ ಎರಡು ಕಟ್ಟು ಹುಲ್ಲು ತಿಂದಿತು. ಹೋದ ಮಗು ಗಂಡೋ ಹೆಣ್ಣೋ ಎಂದೂ ನನಗೆ ಯಾರೂ ಹೇಳಲಿಲ್ಲ. ತಿಂಗಳು ಕಳೆದ ಮೇಲೆ ಸೂಲಗಿತ್ತಿಯನ್ನು ಕೇಳಿ ತಿಳಿದುಕೊಂಡೆ. ಹೆಣ್ಣು.

ಬರೆದಿರುವುದು ಇಷ್ಟನ್ನೇ. ಹೆಸರುಗಳನ್ನು ಬದಲಾಯಿಸಿದ್ದೇನೆ. ಯಾರನ್ನೂ ಬೈದಿಲ್ಲ. ಅತ್ತೆಗೆ ನನ್ನ ಮೇಲೆ ದ್ವೇಷವಿರಲಿಲ್ಲ, ಹೆದರಿಕೆ ಇತ್ತು. ಅದನ್ನೂ ಬರೆದಿದ್ದೇನೆ. ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಊಟ ಸೇರುತ್ತಿರಲಿಲ್ಲ ಶಾಂತ. ಬರೆದ ಮೇಲೆ ಸ್ವಲ್ಪ ಸೇರುತ್ತಿದೆ. ‘ಜಟಕಾ ನಿಂತಿತ್ತು’ ಎಂದು ಹೆಸರಿಟ್ಟಿದ್ದೇನೆ. ಚೆನ್ನಾಗಿಲ್ಲದಿದ್ದರೆ ಹೇಳು, ಬೇಜಾರಿಲ್ಲ.

ನೀನು ಓದು. ಬೇಕಾದರೆ ನಿನ್ನ ಗೆಳತಿಯರು ಒಬ್ಬಿಬ್ಬರು ಓದಲಿ. ನನ್ನ ಹೆಸರು ಹಾಕಬೇಡ, ಊರನ್ನೂ ಹಾಕಬೇಡ.

ರತ್ನಿಯ ವಿಷಯಕ್ಕೆ ಅತ್ತೆ ಒಪ್ಪಿದ್ದಾರೆ. ನಂಬುತ್ತೀಯಾ? ಅವಳು ಮಧ್ಯಾಹ್ನ ಅವರ ಪಕ್ಕ ಕೂತು ದೇವರ ಕಥೆ ಓದಿ ಹೇಳುತ್ತಾಳೆ. “ನಮ್ ವಂಸ್ದಾಗೆ ಹೆಣ್ಮಗು ಬಾಯಾಗೆ ದೇವ್ರ ಕತೆ ಬರೋದು ಇದೇ ಮೊದ್ಲು” ಎಂದು ಪಕ್ಕದ ಮನೆಯವರನ್ನು ಕರೆದು ಕೂರಿಸಿ ಕೇಳಿಸುತ್ತಾರೆ. ಮೊನ್ನೆ ಅವರೇ, “ಹೋಗ್ಲಿ ಬಿಡು, ಇನ್ನೆಲ್ಡ್ ವರ್ಸ ಓದ್ಲಿ” ಎಂದರು. ರತ್ನಿ ಆಗಲೇ ಹಲಸೂರಿಗೆ ಹೋಗುವ ದಿನ ಎಣಿಸುತ್ತಿದ್ದಾಳೆ. ಅವಳಿಗಿಂತ ಹೆಚ್ಚು ನಾನು ಎಣಿಸುತ್ತಿದ್ದೇನೆ. ಇಷ್ಟೇ ನನಗೆ ಬೇಕಾಗಿರುವುದು, ಬೇರೇನೂ ಬೇಡ.

ಇಂತಿ,
ರಾಮಲಕ್ಷ್ಮಿ

◆

ಹಲಸೂರು
೧೮–೯–೧೯೪೩

ರಾಮಿ,

ಎರಡು ಸಲ ಓದಿದೆ. ಮೊದಲನೇ ಸಲ ಸ್ಕೂಲಿನಲ್ಲಿ, ಊಟದ ಬಿಡುವಿನಲ್ಲಿ. ಓದಬಾರದಿತ್ತು. ಆಮೇಲೆ ಮೂರನೇ ಕ್ಲಾಸಿಗೆ ಹೋಗಿ ಮಗ್ಗಿ ಹೇಳಿಸಬೇಕಿತ್ತು, ಹನ್ನೆರಡರ ಮಗ್ಗಿ ನನಗೇ ಮರೆತುಹೋಯಿತು. ಎರಡನೇ ಸಲ ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಎದ್ದುಹೋಗಿ ಹಿತ್ತಲಲ್ಲಿ ನಿಂತಿದ್ದಳು.

ಇದು ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳುತ್ತೀಯಲ್ಲ, ನಿನ್ನನ್ನು ಏನು ಮಾಡಬೇಕು. ಪಟ್ಟಿಯಲ್ಲಿ ಇದನ್ನೇ ಮೊದಲನೆಯದಾಗಿ ಹಾಕಿದ್ದೇನೆ. ‘ಜಟಕಾ ನಿಂತಿತ್ತು. ಬರೆದವರು ಪೂರ್ವದ ಕಡೆಯ ಒಬ್ಬ ತಾಯಿ. ಇಪ್ಪತ್ತೆರಡು ಪುಟ. ಮನೆಯಲ್ಲಿ ಬಸುರಿ ಇರುವವರು, ಬಸುರಿಯ ಅತ್ತೆಯಾಗಿರುವವರು, ಆಗಲಿರುವವರು ತಪ್ಪದೆ ಓದಬೇಕು’ ಎಂದು ಬರೆದಿದ್ದೇನೆ. ಎರಡನೆಯದು ಅಮ್ಮ ಹೇಳಿ ನಾನು ಬರೆದುಕೊಂಡ ರಾಗಿ ಬೀಸುವ ಪದಗಳು. ಇನ್ನೊಂದು ಇದೆ, ಕುಕ್ ಟೌನಿನ ಬಂಗಲೆಯಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದವರು ಬರೆಸಿದ್ದು, ದೊರೆಸಾನಿಯ ಮಕ್ಕಳನ್ನು ಸಾಕಿದ ಕಥೆ. ಅರ್ಧದವರೆಗೂ ನಗಿಸುತ್ತದೆ, ಆಮೇಲೆ ಅವರ ಸ್ವಂತ ಮಗನ ವಿಷಯ ಬರುತ್ತದೆ. ಅದರ ಜೊತೆಗೆ ಅಚ್ಚಾದ ಹಳೆಯ ನಾಲ್ಕು. ಒಟ್ಟು ಏಳು. ಇದೇನು ಕಡಿಮೆಯೇ ಹೇಳು.

ನಮ್ಮ ಪದ್ಧತಿ ನಿನಗೆ ಗೊತ್ತು. ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನೆಲ್ಲ ಸರಸ್ವತಿ ಪೂಜೆಗೆ ಇಡುತ್ತೇವೆ. ವಿಜಯದಶಮಿ ದಿನ ತೆಗೆದು, ಹೆಂಗಸರೆಲ್ಲ ಸೇರಿ, ಪಟ್ಟಿಯ ಮೊದಲ ಪುಸ್ತಕವನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಓದು ಮುಗಿದ ಮೇಲೆ ಯಾರು ಮೊದಲು ಕೇಳುತ್ತಾರೋ ಅವರು ಮನೆಗೆ ತೆಗೆದುಕೊಂಡು ಹೋಗುತ್ತಾರೆ. ಈ ಸಲ ಓದುವುದು ನಿನ್ನದನ್ನೇ.

ಒಬ್ಬಿಬ್ಬರು ಓದಲಿ ಎಂದಿದ್ದೆ. ಒಬ್ಬಿಬ್ಬರಿಗೆ ಏಕೆ ರಾಮಿ? ನಮ್ಮ ಬೀದಿಯಲ್ಲೇ ಇಂಥ ಜಟಕಾ ಎಷ್ಟು ಮನೆ ಮುಂದೆ ನಿಂತಿರಬಹುದು. ಹೆಸರಿಲ್ಲ, ಊರಿಲ್ಲ, ಯಾರಿಗೆ ಗೊತ್ತಾಗುತ್ತದೆ? ನೀನು ಹುಟ್ಟಿನಿಂದಲೂ ಅಂಜುಬುರುಕಿ. ಲೆಕ್ಕ ಸರಿ ಬಂದಿದ್ದರೂ ಸ್ಲೇಟು ಒರೆಸಿಬಿಡುತ್ತಿದ್ದೆ. ಈ ಸಲ ಒರೆಸಲು ಬಿಡುವುದಿಲ್ಲ.

ರತ್ನಿಗೆ ಒಂದು ಮಂಚ ಸರಿಮಾಡಿಸಿದ್ದೇನೆ, ಕಿಟಕಿಯ ಪಕ್ಕ.

ನಿನ್ನ,
ಶಾಂತ

◆

ಕೃಷ್ಣರಾಜಪುರ
೪–೧೦–೧೯೪೩

ಶಾಂತ,

ಶಂಶುನ್ನೀಸಾ ಬಾಗಿಲಲ್ಲಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಾಳೆ ನಿನಗೆ ತಲುಪಿಸುತ್ತಾಳೆ.

ನನ್ನದನ್ನು ದಯವಿಟ್ಟು ಓದಬೇಡ. ನಾದಿನಿ ಆಂಜನಮ್ಮನ ಗಂಡನಿಗೆ ವಿಮಾನದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಹೋದ ವಾರ ಹಲಸೂರಿನಲ್ಲೇ ಮನೆ ಮಾಡಿದ್ದಾರೆ. ನಿಮ್ಮ ಹಿಂದಿನ ಬೀದಿ. ಪಕ್ಕದ ಮನೆಯವರು ವಿಜಯದಶಮಿಗೆ ನಿಮ್ಮ ಮನೆಗೆ ಕರೆದಿದ್ದಾರಂತೆ, ಬರುತ್ತೇನೆಂದು ಒಪ್ಪಿದ್ದಾಳಂತೆ. ಇದು ನನಗೆ ತಿಳಿದದ್ದು ಈಗ. ಹೆರಿಗೆಯ ದಿನ ಅವಳು ಇಲ್ಲೇ ಇದ್ದಳು ಶಾಂತ. ಎರಡು ಸಾಲು ಕೇಳಿದರೆ ಸಾಕು, ಅವಳಿಗೆ ಎಲ್ಲಾ ಗೊತ್ತಾಗುತ್ತದೆ.

ಅಮ್ಮನ ಪದಗಳನ್ನು ಓದು. ಆಯಾ ಅವರದ್ದನ್ನು ಓದು. ನನ್ನದನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕು. ರತ್ನಿ ಬರಲು ಇನ್ನು ಇಪ್ಪತ್ತೈದು ದಿನ ಇದೆ.

ರಾಮಿ

◆

ಹಲಸೂರು
೯–೧೦–೧೯೪೩

ರಾಮಿ,

ಹೇಗೆ ಬರೆಯಲಿ. ನಿನ್ನೆ ಓದಿಬಿಟ್ಟೆ.

ನಿನ್ನ ಕಾಗದ ನನ್ನ ಮನೆಯಲ್ಲೇ ಇತ್ತು. ಮೂರು ದಿನದಿಂದ ಇತ್ತು. ಶಂಶುನ್ನೀಸಾ ಹೇಳಿದ ದಿನವೇ ತಂದು ಅಮ್ಮನ ಕೈಗೆ ಕೊಟ್ಟಿದ್ದಾಳೆ. ನಾನು ಸ್ಕೂಲಿನಲ್ಲಿದ್ದೆ. ಅವತ್ತೇ ಮೂಲಾ ನಕ್ಷತ್ರ.

ನಮ್ಮ ಅಮ್ಮನನ್ನು ನೀನು ಬಲ್ಲೆ. ನಮ್ಮ ಮನೆತನದಲ್ಲಿ ಈ ಪೂಜೆಯೇ ಇರಲಿಲ್ಲ. ನಾನು ಟೀಚರಾದ ವರ್ಷದಿಂದ ಅಮ್ಮ ಹಿಡಿದುಕೊಂಡದ್ದು. ಅವಳಿಗೆ ಓದಲು ಬರುವುದಿಲ್ಲ, ಅದಕ್ಕೇ ಅಕ್ಷರ ಎಂದರೆ ನಮಗಿಂತ ಭಕ್ತಿ ಹೆಚ್ಚು. ಪುಸ್ತಕ ಮಾತ್ರವಲ್ಲ, ಸೀಮೆಎಣ್ಣೆ ಚೀಟಿ, ಇವರ ಬಸ್ರಾದ ಕಾಗದಗಳು, ಬೆಂಕಿಪೆಟ್ಟಿಗೆ ಎಲ್ಲಾ ಮಣೆಯ ಮೇಲೆ. ಗೋಡೆಯ ಕ್ಯಾಲೆಂಡರನ್ನು ಹಿಂದುಮುಂದಾಗಿ ತಿರುಗಿಸುತ್ತಾಳೆ, ನನ್ನ ಕಣ್ಣು ಅಕ್ಷರದ ಮೇಲೆ ಬೀಳಬಾರದೆಂದು. ಪ್ರತಿವರ್ಷ ನಾನು ನಗುತ್ತಿದ್ದೆ. ಸ್ಕೂಲಿನ ಹೆಂಗಸರಿಗೆಲ್ಲ ಹೇಳಿಕೊಂಡು ನಗಿಸುತ್ತಿದ್ದೆ. ನಿನ್ನ ಕಾಗದವನ್ನೂ ಇಟ್ಟಿದ್ದಾಳೆ. ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಹೂವಿಟ್ಟು.

ನಿನ್ನೆ ಮೂವತ್ತು ಜನ ಬಂದಿದ್ದರು. ನಾನು ಎಂದೂ ಅಷ್ಟು ಚೆನ್ನಾಗಿ ಓದಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಲ್ಲರೂ ಸೆರಗು ಬಾಯಿಗೆ ಹಚ್ಚಿಕೊಂಡು ಕೂತಿದ್ದರು. ಬಾಗಿಲ ಪಕ್ಕ ಹೊಸದಾಗಿ ಬಂದ ಒಬ್ಬಳು, ಎಳೆಯವಳು, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮುಗಿದ ಕೂಡಲೆ ಎದ್ದು ಬಂದು, “ಇದನ್ನ ನಂಗೆ ಕೊಡ್ತೀರಾ ಟೀಚರಮ್ಮ? ಎಲ್ಡ್ ದಿನದಾಗೆ ತಂದ್ಕೊಡ್ತೀನಿ” ಎಂದಳು. ಹೊಸಬಳು ಮೊದಲ ದಿನವೇ ಪುಸ್ತಕ ಕೇಳಿದಳಲ್ಲ ಎಂದು ನಾನು ಉಬ್ಬಿಹೋದೆ. ಹೆಸರೂ ಕೇಳಲಿಲ್ಲ. ಎಲ್ಲರ ಮುಂದೆ ಅವಳನ್ನು ಹೊಗಳಿ ಕೈಯಲ್ಲಿ ಕೊಟ್ಟೆ.

ಎಲ್ಲರೂ ಹೋದ ಮೇಲೆ ಅಮ್ಮ ಮಣೆ ತೆಗೆಯುತ್ತಾ, “ತಗಾ, ನಿಂಗೊಂದ್ ಕಾಗ್ದ ಬಂದಿತ್ತು” ಎಂದಳು.

ಅಮ್ಮ ಅನ್ನ ನೀರು ಬಿಟ್ಟು ಕೂತಿದ್ದಾಳೆ. ಅವಳದೇನು ತಪ್ಪು. ಬೇಡ ಎಂದದ್ದನ್ನು ಮೂವತ್ತು ಜನರ ಮುಂದೆ ಇಟ್ಟವಳು ನಾನು. ಕಾಗದ ಸಿಕ್ಕಿದ್ದರೆ ಓದುತ್ತಿರಲಿಲ್ಲ ಎಂದು ಆಣೆ ಮಾಡಬಲ್ಲೆ, ಆದರೆ ನಿನ್ನ ಮೊದಲನೇ ಕಾಗದದಲ್ಲೇ ಒಬ್ಬಿಬ್ಬರು ಎಂದು ಬರೆದಿದ್ದೆಯಲ್ಲ, ಅದು ನನ್ನ ಕೈ ಸೇರಿತ್ತು.

ಇವತ್ತು ಬೆಳಗ್ಗೆ ಹಿಂದಿನ ಬೀದಿಗೆ ಹೋದೆ. ಆಂಜನಮ್ಮನ ಮನೆಗೆ ಬೀಗ. ಮೊದಲನೇ ರೈಲಿಗೇ ತವರಿಗೆ ಹೋದಳಂತೆ.

ಶಾಂತ

◆

ಕೃಷ್ಣರಾಜಪುರ
೨–೧೧–೧೯೪೩

ಶಾಂತ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಬರೆಯಲು ಒಂದು ಜಾಗ, ಒಂದು ಗಳಿಗೆ ಸಿಗಲಿಲ್ಲ. ಈಗ ಹಿತ್ತಲಿನ ಬಚ್ಚಲಲ್ಲಿ ಕೂತು ಬರೆಯುತ್ತಿದ್ದೇನೆ.

ಆಂಜನಮ್ಮ ಕೆಟ್ಟ ಮನಸ್ಸಿನಿಂದ ತಂದಳು ಎಂದು ಹೇಳಲಾರೆ. ಬಂದವಳು ಮೊದಲು ನನ್ನ ಹತ್ತಿರ ಬಂದು, “ಕುದ್ರೆಗೆ ಹುಲ್ಲಾಕಿದ್ದು ನಾನಲ್ವಾ ಅತ್ಗೆ? ಅದನ್ಯಾಕೆ ಬರೀಲಿಲ್ಲ?” ಎಂದು ಕೇಳಿದಳು. ಅವಳಿಗೆ ಆಗ ಹದಿನೈದು ವರ್ಷ. ದೊಡ್ಡವರ ಮಧ್ಯೆ ಬೇರೇನೂ ಮಾಡಲು ತೋಚದೆ ಹುಲ್ಲು ಹಾಕುತ್ತಾ ಇದ್ದಳಂತೆ. ಅವಳಿಗೂ ಇಷ್ಟು ದಿನ ಯಾರ ಹತ್ತಿರವೂ ಹೇಳಲು ಆಗಿರಲಿಲ್ಲ. ಅತ್ತು ಅತ್ತು, ಕೊನೆಗೆ ಒಳಗೆ ಹೋಗಿ ಅತ್ತೆಯ ಕೈಗೆ ನೋಟ್‌ಬುಕ್ಕು ಕೊಟ್ಟು, “ಓದ್ಸಿ ಕೇಳವ್ವ” ಎಂದಳು. ಕೇಳಿದರೆ ತಾಯಿಯ ಮನಸ್ಸು ಕರಗುತ್ತದೆ ಎಂದುಕೊಂಡಿದ್ದಳೋ ಏನೋ.

ಅತ್ತೆ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ರತ್ನಿಗೆ ಓದಲು ಹೇಳಲಿಲ್ಲ. ನನ್ನನ್ನು ಕರೆದು, “ನೀನೇ ಓದು. ಒಂದಕ್ಸರಾನೂ ಬಿಡ್ಬೇಡ” ಎಂದರು. ಇವರು ಕಂಬಕ್ಕೆ ಒರಗಿ ನಿಂತಿದ್ದರು. ಓದಿದೆ. ಮಧ್ಯದಲ್ಲಿ ಒಂದು ಸಲ ನಿಲ್ಲಿಸಿದೆ, ಅತ್ತೆ ಬಿಡಿಸುತ್ತಿದ್ದ ಕೈ ನಿಲ್ಲಿಸದೆ ‘ಹೂಂ’ ಎಂದರು. ಕೊನೆಯವರೆಗೂ ಓದಿಸಿದರು.

ಮುಗಿದ ಮೇಲೆ ಮಡಿಲಿನ ಸಿಪ್ಪೆ ಕೊಡವಿದರು. ಆಮೇಲೆ ಅಂದರು, “ಸುಳ್ಳ್ ಬರ್ದಿದ್ರೆ ಬಯ್ದು ಸುಮ್ಕಾಗ್ತಿದ್ದೆ. ಎಲ್ಲಾ ದಿಟವೇ ಬರ್ದಿದ್ದೀಯ. ಮೂವತ್ತ್ ಮನೆ ಹೆಂಗಸ್ರು ಕೇಳವ್ರೆ. ನಾನ್ ಹೆಂಗ್ ತಲೆ ಎತ್ಲಿ? ಇವ್ಳನ್ನೂ ಓದಿಸ್ತೀನಿ ಅಂತೀಯಲ್ಲ, ನಾಳೆ ಇವ್ಳು ನಿನ್ ಮೇಲೆ ಬರೀತಾಳೆ.”

ರತ್ನಿ ಬಾಗಿಲ ಹಿಂದೆ ನಿಂತು ಎಲ್ಲಾ ಕೇಳಿಸಿಕೊಂಡಿದ್ದಳು. ತನಗೊಬ್ಬಳು ತಂಗಿ ಇದ್ದಳೆಂದು ಅವಳಿಗೆ ಗೊತ್ತಾದದ್ದು ಹಾಗೆ.

ನೋಟ್‌ಬುಕ್ಕು ನೀರು ಕಾಯಿಸುವ ಒಲೆಗೆ ಹೋಯಿತು. ಅತ್ತೆಯೇ ಹಾಕಿದರು. ಇವರು ಅವತ್ತು ಎದುರಾಡಿರಲಿಲ್ಲ, ಇವತ್ತೂ ಎದುರಾಡಲಿಲ್ಲ. ರತ್ನಿಯ ಸ್ಲೇಟನ್ನು ದೇವರ ಕಥೆಯ ಪುಸ್ತಕ ಸಮೇತ ಅತ್ತೆ ಅಟ್ಟಕ್ಕೆ ಹಾಕಿಸಿದರು. ಅವಳು ಹಲಸೂರಿಗೆ ಬರುವುದಿಲ್ಲ. ನಾನು ಕಾಲು ಹಿಡಿದೆ ಶಾಂತ. ಬರೆದ ಕೈಯನ್ನು ಬೇಕಾದರೆ ಸುಡಿ, ಮಗಳನ್ನು ಕಳಿಸಿ ಎಂದೆ. ಅತ್ತೆಗೆ ಸಿಟ್ಟು ಬಂದಿದ್ದರೆ ಇಳಿಯುತ್ತಿತ್ತು. ಅವರಿಗೆ ಹೆದರಿಕೆ ಬಂದಿದೆ, ಅದು ಇಳಿಯುವಂಥದ್ದಲ್ಲ.

ಇನ್ನು ಮೇಲೆ ನನಗೆ ಬರುವ ಕಾಗದವನ್ನು ಇವರು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕಂತೆ. ನಾನು ಬರೆಯುವುದನ್ನು ಇವರೇ ಬರೆಯಬೇಕಂತೆ. ನೀನು ಬರೆದರೆ ಎಲ್ಲರಿಗೂ ಎಂಬ ಹಾಗೆ ಬರೆ. ಇಲ್ಲದಿದ್ದರೆ ಬರೆಯಬೇಡ.

ನಿನ್ನ ಮೇಲೆ ನನಗೆ ಸಿಟ್ಟಿದೆ. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಅಮ್ಮನಿಗೆ ಊಟ ಮಾಡಲು ಹೇಳು.

ರಾಮಿ

◆

ಹಲಸೂರು
೧೬–೧–೧೯೪೪

ಸೌಭಾಗ್ಯವತಿ ರಾಮಲಕ್ಷ್ಮಮ್ಮನವರಿಗೆ ಶಾಂತಕುಮಾರಿಯ ನಮಸ್ಕಾರ.

ನಾವು ಇಲ್ಲಿ ಕ್ಷೇಮ. ತಾವು, ತಮ್ಮ ಯಜಮಾನರು, ಪೂಜ್ಯ ಅತ್ತೆಯವರು, ಮಗು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಸಂಕ್ರಾಂತಿಯ ಎಳ್ಳುಬೆಲ್ಲ ಕಳಿಸಿದ್ದೇನೆ. ಹಲಸೂರು ಕೆರೆಯಲ್ಲಿ ಈ ವರ್ಷ ನೀರು ಚೆನ್ನಾಗಿದೆ. ಚಳಿ ಹೆಚ್ಚು. ನಮ್ಮ ಸ್ಕೂಲಿನಲ್ಲಿ ಐದನೇ ಕ್ಲಾಸಿನಲ್ಲಿ ಒಂದು ಜಾಗ ಇನ್ನೂ ಖಾಲಿ ಇದೆ, ಯಾರಾದರೂ ಸೇರುವವರಿದ್ದರೆ ತಿಳಿಸಬಹುದು. ಹಿರಿಯರಿಗೆ ನನ್ನ ನಮಸ್ಕಾರ ತಿಳಿಸುವುದು.

ಇಂತಿ,
ಶಾಂತಕುಮಾರಿ

◆

ಕೃಷ್ಣರಾಜಪುರ
೧೧–೩–೧೯೪೪

ಶ್ರೀಮತಿ ಶಾಂತಕುಮಾರಿಯವರಿಗೆ,

ತಮ್ಮ ಕಾಗದವೂ ಎಳ್ಳುಬೆಲ್ಲವೂ ತಲುಪಿದವು. ಇಲ್ಲಿ ಎಲ್ಲರೂ ಕ್ಷೇಮ. ಸೇರುವವರು ಯಾರೂ ಇಲ್ಲ.

ಇಂತಿ, ರಾಮಲಕ್ಷ್ಮಮ್ಮ
ಅವಳ ಪರವಾಗಿ ಬರೆದದ್ದು, ಮುನಿನಾರಾಯಣಪ್ಪ

◆

ಹಲಸೂರು
೧೫–೯–೧೯೪೬

ರಾಮಿ,

ಇದನ್ನು ಶಂಶುನ್ನೀಸಾ ನಿನ್ನೊಬ್ಬಳ ಕೈಯಲ್ಲೇ ಕೊಡುತ್ತಾಳೆ. ನೀನು ಬಳೆ ಇಡಿಸಿಕೊಳ್ಳಲು ಒಬ್ಬಳೇ ಸಿಗುವ ತನಕ ಎಷ್ಟು ಸಲ ಬೇಕಾದರೂ ವಾಪಸು ತರುತ್ತೇನೆ ಎಂದಿದ್ದಾಳೆ.

ಹೋದ ವರ್ಷ ನಾನೇ ನಿಮ್ಮ ಮನೆಗೆ ಬಂದೆನಲ್ಲ, ನಿನ್ನ ಅತ್ತೆಯ ಕಾಲಿಗೆ ಬಿದ್ದು ಕೇಳಿಕೊಳ್ಳಬೇಕೆಂದು. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು, ಎಲೆ ಅಡಿಕೆ ಕೊಟ್ಟರು. “ರೈಲ್ ಹೊತ್ತಾಯ್ತು, ಹೊರ್ಡಮ್ಮ” ಎಂದರು. ನೀನು ಒಳಗಿಂದ ಬರಲಿಲ್ಲ. ರತ್ನಿ ಅಂಗಳದಲ್ಲಿ ಸಗಣಿ ತಟ್ಟುತ್ತಿದ್ದಳು. ಮಾತಾಡಿಸಿದೆ. ನನ್ನ ಕಡೆ ಒಂದು ಸಲ ನೋಡಿ ಮತ್ತೆ ಬಗ್ಗಿ ತಟ್ಟತೊಡಗಿದಳು. ಅವಳು ನನ್ನನ್ನು ಬೈದಿದ್ದರೆ ನನಗೆ ಆ ರೈಲು ಹತ್ತಲು ಸುಲಭವಾಗುತ್ತಿತ್ತು.

ಇವರು ಯುದ್ಧ ಮುಗಿದು ಬಂದಿದ್ದಾರೆ. ಅಮ್ಮ ಹೋದಳು, ಆಷಾಢದಲ್ಲಿ. ಆ ಕಾಗದವನ್ನು ಪೂಜೆಗೆ ಇಟ್ಟ ಮೇಲೆ ಅವಳು ಸರಸ್ವತಿ ಪೂಜೆ ಮಾಡಲೇ ಇಲ್ಲ. ಬೀಸುವ ಪದಗಳನ್ನೂ ಹಾಡಲಿಲ್ಲ.

ಪಟ್ಟಿ ನಾನು ಮೂರು ವರ್ಷದಿಂದ ಬರೆದಿಲ್ಲ. ನವರಾತ್ರಿ ಹತ್ತಿರ ಬಂದರೆ ಹೆಂಗಸರು ಬಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಒಂದೇ, ಜಟಕಾದ ಪುಸ್ತಕ. ಅವತ್ತು ಕೇಳದವರೂ ಬಂದು ಕೇಳುತ್ತಾರೆ, ಕೇಳಿದವರು ಅವರಿಗೆ ಹೇಳಿದ್ದಾರೆ. ಹಿಂದಿನ ಬೀದಿಯಲ್ಲಿ ಒಂದು ಮನೆಯವರು ಸೊಸೆಯನ್ನು ನೋವು ಶುರುವಾದ ಕೂಡಲೇ ರಾಹುಕಾಲದಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇದನ್ನು ನಿನಗೆ ಸಮಾಧಾನಕ್ಕೆ ಬರೆಯುತ್ತಿದ್ದೇನೋ ನನಗೇ ಬರೆದುಕೊಳ್ಳುತ್ತಿದ್ದೇನೋ ಗೊತ್ತಿಲ್ಲ.

ಅದನ್ನು ಇನ್ನೊಂದು ಸಲ ಬರೆಯಲು ಆಗುತ್ತದೆಯೇ ರಾಮಿ? ಯಾರಿಗೂ ತೋರಿಸುವುದಿಲ್ಲ. ಪಟ್ಟಿಗೂ ಹಾಕುವುದಿಲ್ಲ. ಮತ್ತೆ, ರತ್ನಿಗೆ ಹದಿಮೂರು ಅಷ್ಟೇ. ಈಗಲೂ ಕಳಿಸಿದರೆ ಎರಡು ವರ್ಷದ್ದನ್ನು ಒಂದು ವರ್ಷದಲ್ಲಿ ನಾನೇ ಕಲಿಸಿ ಮುಗಿಸುತ್ತೇನೆ. ಒಂದು ಸಾಲು ಬರೆ.

ಶಾಂತ

◆

ಕೃಷ್ಣರಾಜಪುರ
೨೯–೧೧–೧೯೪೬

ಶಾಂತ,

ಅಮ್ಮ ಹೋದರು ಎಂದು ಓದಿ ಬಹಳ ಸಂಕಟವಾಯಿತು. ಬರಲಾಗಲಿಲ್ಲ. ಅವರ ಮೇಲೆ ನನಗೆ ಎಂದೂ ಬೇಸರವಿರಲಿಲ್ಲ. ನಿನ್ನ ಮೇಲಿನ ಸಿಟ್ಟೂ ಈಗ ಇಲ್ಲ. ಅದು ಯಾವಾಗ ಹೋಯಿತು ಎಂದು ನೆನಪಿಲ್ಲ. ಅದರ ಜೊತೆಗೇ ಇನ್ನೂ ಎಷ್ಟೋ ಹೋಗಿದೆ.

ನೀನು ಕೇಳಿದ್ದಕ್ಕೆ ಬರೆಯಲು ಕೂತೆ. ಬಳೆಯವಳಿಂದ ಒಂದು ಪೆನ್ಸಿಲು ತರಿಸಿಕೊಂಡೆ. ಮೊದಲನೇ ಸಾಲು ಬಂತು, ಆಮೇಲೆ ಏನೂ ಬರಲಿಲ್ಲ. ನಾನೇ ಅನುಭವಿಸಿ ನಾನೇ ಬರೆದದ್ದು, ನನಗೆ ನೆನಪಿಲ್ಲ. ನೆನಪಿರುವುದು ಅತ್ತೆಗೆ. ಒಂದೇ ಸಲ ಕೇಳಿದ್ದು, ಪೂರ್ತಿ ನೆನಪಿದೆ. ಈಗ ಅವರಿಗೆ ಕಣ್ಣು ಕಾಣುವುದಿಲ್ಲ. ಜಗಲಿಯ ಮೇಲೆ ಕೂತು ಇದ್ದಕ್ಕಿದ್ದ ಹಾಗೆ ಅದರ ಒಂದು ಸಾಲು ಹೇಳುತ್ತಾರೆ, ನಾನು ಬರೆದಿದ್ದ ಹಾಗೆಯೇ. ನಾನು ಒಳಗೆ ರೊಟ್ಟಿ ತಟ್ಟುತ್ತಾ ಕೇಳಿಸಿಕೊಳ್ಳುತ್ತೇನೆ. ಅದನ್ನು ಬರೆದುಕೊಳ್ಳಬೇಕು ಎಂದು ಕೈ ಏಳುವುದಿಲ್ಲ.

ರತ್ನಿಯ ಮದುವೆಯಾಯಿತು. ಹತ್ತು ದಿನವಾಯಿತು. ಹೂಡಿ ಕಡೆಯವರು. ಹುಡುಗ ಒಳ್ಳೆಯವನೆಂದು ಹೇಳುತ್ತಾರೆ, ನಾನು ಧಾರೆಯ ಹೊತ್ತಿನಲ್ಲಿ ನೋಡಿದ್ದೇ ಮೊದಲು. ನಿನಗೆ ಲಗ್ನಪತ್ರಿಕೆ ಕಳಿಸಬೇಡಿ ಎಂದು ಯಾರೂ ಹೇಳಲಿಲ್ಲ, ನಾನೇ ಕಳಿಸಲಿಲ್ಲ. ನೀನು ಬಂದು ಅವಳನ್ನು ಆ ಮಣೆಯ ಮೇಲೆ ನೋಡುವುದು ನನಗೆ ಬೇಡವಾಗಿತ್ತು.

ಕಳಿಸಿಕೊಡುವ ದಿನ ಅವಳ ಪೆಟ್ಟಿಗೆ ನಾನೇ ತುಂಬಿದೆ. ಅಟ್ಟ ಹತ್ತಿ ಹುಡುಕಿದೆ. ದೇವರ ಕಥೆಯ ಪುಸ್ತಕವನ್ನು ಗೆದ್ದಲು ತಿಂದಿತ್ತು. ಮೊದಲೇ ಶಂಶುನ್ನೀಸಾಗೆ ಹೇಳಿ ಬ್ಲಾಕ್‌ಪಳ್ಳಿಯಿಂದ ಒಂದು ಹಳೆಯ ಪುಸ್ತಕ ತರಿಸಿದ್ದೆ, ಯಾರೋ ಒಬ್ಬ ಹೆಂಗಸು ಬರೆದದ್ದು. ನೀನಿದ್ದರೆ ಇದಕ್ಕಿಂತ ಒಳ್ಳೆಯದನ್ನು ಹೇಳುತ್ತಿದ್ದೆ. ಸೀರೆಗಳ ಕೆಳಗೆ ಇಟ್ಟೆ. ಗಂಡನ ಮನೆಯಲ್ಲಿ ಎಂದಾದರೂ ಒಂದು ಮಧ್ಯಾಹ್ನ ಸಿಕ್ಕಿದರೆ ಓದಿಕೊಳ್ಳಲಿ ಎಂದು.

ಅಷ್ಟರಲ್ಲಿ ಹೂಡಿಯ ಶ್ಯಾನುಭೋಗರು ಬಂದರು. ರೇಷನ್ ಕಾರ್ಡಿನಲ್ಲಿ ಅವಳ ಹೆಸರನ್ನು ನಮ್ಮ ಮನೆಯಿಂದ ತೆಗೆದು ಅವರ ಮನೆಗೆ ಹಾಕಲು ಒಂದು ಅರ್ಜಿ. ಜಗಲಿಯ ಮೇಲೆ ಎಲ್ಲರೂ ಕೂತಿದ್ದರು, ಬೀಗರು, ಇವರು, ಅತ್ತೆ. ಶ್ಯಾನುಭೋಗರು ಕಾಗದ ಹಿಡಿದು, “ಸೈನ್ ಬರುತ್ತೇನಮ್ಮಾ?” ಎಂದು ಅವಳನ್ನೇ ಕೇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳ ಅಕ್ಷರ ಎಷ್ಟು ದುಂಡಗೆ ಇತ್ತು, ನಿನಗೆ ಗೊತ್ತು. ಇವರು ಬಾಯಿ ತೆರೆದರು, ‘ಬರುತ್ತೆ’ ಎನ್ನಲಿಕ್ಕೇ ಇರಬೇಕು. ಅಷ್ಟರಲ್ಲಿ ರತ್ನಿ ತಲೆ ಅಲ್ಲಾಡಿಸಿ ಹೆಬ್ಬೆರಳು ಚಾಚಿದಳು. ಶ್ಯಾನುಭೋಗರು ಮಸಿ ಹಚ್ಚಿ ಒತ್ತಿಸಿಕೊಂಡರು.

ಒಳಗೆ ಬಂದು ಪೆಟ್ಟಿಗೆ ತೆರೆದು, ಸೀರೆಗಳ ಕೆಳಗೆ ಕೈ ಹಾಕಿ, ಆ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಇಟ್ಟಿರುತ್ತೇನೆಂದು ಅವಳಿಗೆ ಹೇಗೆ ಗೊತ್ತಾಯಿತೋ. “ಬೇಡಮ್ಮ” ಎಂದಳು. “ನಂಗೆ ಓದಕ್ ಬರುತ್ತೆ ಅಂತ ಅಲ್ಲಿ ಯಾರ್ಗೂ ಹೇಳ್ಬೇಡ.”

ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಇಂತಿ,
ರಾಮಲಕ್ಷ್ಮಿ